ಭಾವನ ಕಡಲ ಬಾಣಂತನ

ನಮ್ಮ ಭಾವ, ಅಂದರೆ ನಮ್ಮಕ್ಕನ ಗಂಡ, ಇವತ್ತಿನವರೆಗೂ ಸಮುದ್ರ ಕಂಡವರಲ್ಲ. ಹೊಸಕೋಟೆ ಕೆರೆ ಏರಿ ದಾಟುವಷ್ಟರಲ್ಲಿ ಬಸ್ಸಿನ ಕಿಟಕಿಯಿಂದಾಚೆ ಮುಖ ಹಾಕುವ ಹೊಟ್ಟೆ ಅವರದು. ಇನ್ನು ಮಂಗಳೂರಿನ ಮಾತೆಲ್ಲಿ! ಆದರೆ ಸಮುದ್ರದೊಳಗೆ ಯಾರಿಗೆ ಎಷ್ಟು ತಿಂಗಳು, ಯಾರ ಬಾಣಂತನ ಯಾರು ಮಾಡುತ್ತಾರೆ ಅಂತ ಅವರನ್ನು ಕೇಳಿ ನೋಡಿ. ಸೂಲಗಿತ್ತಿಯೂ ಅಷ್ಟು ವಿವರ ಕೊಡಲಾರಳು!

ಎಲ್ಲ ಮೊಬೈಲಿನ ಮಹಿಮೆ. ಪಿಲ್ಲಗುಂಪೆಯ ಕಾರ್ಖಾನೆಯಲ್ಲಿ ಊಟದ ಹೊತ್ತಿಗೆ ಉಳಿದವರು ಕ್ರಿಕೆಟ್ ನೋಡಿದರೆ ಇವರು ತಿಮಿಂಗಿಲದ ಹೆರಿಗೆ ನೋಡುತ್ತಾರೆ. ಅದೂ ಮುದ್ದೆ ಮುರಿಯುತ್ತಾ! ಹುಟ್ಟಿದ ಮರಿಯನ್ನು ತಾಯಿ ಮೊದಲ ಉಸಿರಿಗಾಗಿ ನೀರಿನ ಮೇಲಕ್ಕೆ ತಳ್ಳುವಾಗ ಇವರೂ ದಮ್ಮು ಕಟ್ಟಿ ಕೂರುತ್ತಾರಂತೆ. ಮರಿ ಉಸಿರಾಡಿದ ಮೇಲೆಯೇ ಮುಂದಿನ ತುತ್ತು.

ಅಕ್ಕ ಬಸುರಿಯಾದ ಮೇಲಂತೂ ಕೇಳಲೇಬೇಡಿ. ಅವಳನ್ನು ಡಾಕ್ಟರಿಗೆ ತೋರಿಸಲು ಅರ್ಧ ದಿನ ರಜೆ ಬೇಕಿತ್ತು. ನೆಟ್ಟಗೆ ಕೇಳಬಾರದೇ?

“ಸಾರ್, ಒಂದು ಜಾತಿ ಮೀನೈತೆ. ಗಂಡು ಮೀನು ಮೊಟ್ಟೆನೆಲ್ಲ ಬಾಯಲ್ಲೇ ಇಟ್ಕೊಂಡು, ಮರಿ ಆಗೋವರ್ಗೂ ಉಪ್ವಾಸ ಇರ್ತೈತೆ.”

ಸೂಪರ್‌ವೈಸರ್ ಕನ್ನಡಕ ತೆಗೆದು ಇವರನ್ನೇ ನೋಡಿದರಂತೆ. “ಆ ಮೀನಿಗೆ ಶಿಫ್ಟ್ ಇಲ್ವಲ್ಲ ಗುರು!”

ಹೇಗೋ ರಜೆ ಸಿಕ್ಕಿತು. ಮನೆಗೆ ಬಂದು ಅದೇ ಕಥೆಯನ್ನು ಅಕ್ಕನಿಗೂ ಹೇಳಿದರು. ಅವಳು ನಿಟ್ಟುಸಿರು ಬಿಟ್ಟಳು. “ಬಾಯಿ ಮುಚ್ಕೊಂಡಿರೋ ಗಂಡನೂ ಇರ್ತಾನಾ! ಎಂಥ ಪುಣ್ಯ ಮಾಡಿತ್ತೋ ಆ ಹೆಣ್ಮೀನು!”

ಏಳನೇ ತಿಂಗಳಲ್ಲಿ ಸೀಮಂತ. ಹೆಂಗಸರೆಲ್ಲ ಆರತಿಗೆ ಸೇರಿದ್ದಾರೆ. ಭಾವನಿಗೆ ಅಷ್ಟು ಜನ ಕೇಳುಗರು ಮತ್ತೆಲ್ಲಿ ಸಿಗಬೇಕು?

“ಆಕ್ಟೋಪಸ್ ತಾಯಿ ಮೊಟ್ಟೆ ಕಾಯ್ತಾ ಕೂತ್ರೆ ಒಂದು ತುತ್ತೂ ಮುಟ್ಟಲ್ಲ ಕಣ್ರಮ್ಮಾ. ಮರಿ ಆಚೆ ಬರೋಷ್ಟರಲ್ಲಿ, ಪಾಪ, ಸತ್ತೇ ಹೋಗ್ತೈತೆ!”

ದೊಡ್ಡಮ್ಮನ ಕೈಯಲ್ಲಿದ್ದ ಆರತಿ ತಟ್ಟೆ ಅಲ್ಲೇ ನಿಂತಿತು. ನಮ್ಮಮ್ಮ ಮಾತ್ರ ಎದ್ದು ಬಂದು, ಇಡೀ ಒಂದು ಒಬ್ಬಟ್ಟನ್ನು ಅಳಿಯನ ಬಾಯಿಗೆ ತುರುಕಿದರು. “ನೀವು ಮೊದ್ಲು ತಿನ್ನಿ ಅಳಿಯಂದ್ರೇ!”

ಅದಾಗಿ ಹತ್ತೇ ದಿನಕ್ಕೆ ಅಕ್ಕನಿಗೆ ಬಿ.ಪಿ. ಏರಿತು. ಆಪರೇಷನ್ ಮಾಡಿ ಮಗುವನ್ನು ತೆಗೆಯಬೇಕಾಯಿತು. ಈಗ ಮನೆಯೆಲ್ಲ ಅಂಬೆಗಾಲಲ್ಲಿ ಸುತ್ತುವ ಹುಡುಗಿ ಆಗ ಅಮ್ಮನ ಎರಡು ಅಂಗೈ ತುಂಬುವಷ್ಟಿದ್ದಳು. ಅಕ್ಕನಿಗೆ ಎದ್ದು ಕೂರಲೂ ಶಕ್ತಿಯಿರಲಿಲ್ಲ. ನರ್ಸ್ ಹೊರಗೆ ಬಂದು, “ಮಗೂನ ಯಾರಾದ್ರೂ ಎದೆಗೆ ಅಂಟಿಸ್ಕೊಂಡು ಬೆಚ್ಚಗಿಡ್ಬೇಕು. ಬಟ್ಟೆ ಅಡ್ಡ ಇರ್ಬಾರ್ದು” ಎಂದರು. ಅಮ್ಮ ಏಳುವ ಮೊದಲೇ ಭಾವ ಅಂಗಿಯ ಗುಂಡಿ ಬಿಚ್ಚುತ್ತಿದ್ದರು.

ಮೂರನೆಯ ದಿನ ಮಧ್ಯಾಹ್ನ ನನ್ನನ್ನು ಒಳಗೆ ಬಿಟ್ಟರು. ಭಾವ ಬೆಳಗಿನಿಂದ ಒಂದೇ ಕುರ್ಚಿಯಲ್ಲಿ ಕದಲದೆ ಕೂತಿದ್ದರು. ಎದೆಯ ಮೇಲೆ ಟೋಪಿ ಹಾಕಿಕೊಂಡ ಆ ಪುಟ್ಟ ಜೀವ. ನರ್ಸ್ ಹತ್ತಿರ ಬಂದಾಗ ಅವರು ಪಿಸುಗುಟ್ಟಿದರು:

“ಸಿಸ್ಟರ್, ನನ್ನೆದೆ ಬಾಳ ಜೋರಾಗಿ ಹೊಡ್ಕೊಳ್ತಾ ಐತೆ. ಮಗೀಗೆ ನಿದ್ದೆ ಕೆಡಲ್ವಾ?”

“ಅದನ್ನ ಕೇಳ್ಕೊಂಡೇ ಮಲಗಿರೋದು ಕಣ್ರೀ.”

ಭಾವನ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಎರಡೂ ಮಗುವಿನ ಬೆನ್ನ ಮೇಲಿದ್ದವು. ನಾನೇ ದುಪಟ್ಟಾದ ತುದಿಯಿಂದ ಒರೆಸಿದೆ.