ಬೀಗರ ಮುಂದೆ ಬರಿಗಾಲು

ಬೆಳಗ್ಗೆ ಸ್ನಾನ ಮುಗಿಸಿ ಕಾಲು ಒರೆಸಿಕೊಂಡರೆ ಟವಲಿನ ಜೊತೆ ಹಿಮ್ಮಡಿಯ ಚರ್ಮವೂ ಕಿತ್ತುಬಂತು. ಮಾನ್ಸಿಕ್ ಹೌಹಾರಿಬಿಟ್ಟ.

"ಬೋರಾಳ ಅಮ್ಮಾ! ಬಾರೇ ಇಲ್ಲಿ! ನನ್ ಕಾಲು ಕಳಚ್ಕೊಂಡು ಬರ್ತಿದೆ!"

ಹೆಂಡತಿ ಓಡಿಬಂದು ನೋಡಿ ಬಾಯಿ ಮುಚ್ಚಿಕೊಂಡಳು. ಎರಡೂ ಅಂಗಾಲಿನಿಂದ ಚರ್ಮ ಗೋಡೆಯ ಹಳೇ ಪೋಸ್ಟರಿನಂತೆ ಜೋತಾಡುತ್ತಿತ್ತು.

"ಬೇಡ ಬೇಡ ಅಂದ್ರೂ ಈ ದೇಗು ಊರಿನ ಬಿಸಿಲಲ್ಲಿ ಆ ಬೂಟು ಹಾಕ್ಕೊಂಡು ಮೆರೀತೀರಲ್ಲ, ಕೆಸರುಹುಣ್ಣು ಹತ್ಕೊಂಡಿದೆ. ಅಯ್ಯೋ, ಇವತ್ತೇ ಆಗ್ಬೇಕಿತ್ತಾ?"

ಇವತ್ತು ಮಗಳು ಬೋರಾಳ ಮದುವೆ ಮಾತುಕತೆ. ಅದೂ ಬೆಟ್ಟದ ಬುಡದ ಹೊಳೆಯ ಹೋಟೆಲಿನಲ್ಲಿ. ನೀರಿನ ಮೇಲೆ ಹಲಗೆ ಮಂಚ, ಎಲ್ಲರೂ ಕಾಲಿಳಿಬಿಟ್ಟು ಕೋಳಿ ಸಾರು ಕುಡಿಯುವುದು. ಹುಡುಗನ ಅಪ್ಪ ಕ್ವಾಕ್ ನಿವೃತ್ತ ಹೆಡ್‌ಮಾಸ್ಟರು. ತೊಳೆದಿಟ್ಟ ಚಮಚವನ್ನೂ ಇನ್ನೊಮ್ಮೆ ಒರೆಸದೆ ಬಾಯಿಗಿಡದ ಮಹಾ ಶುಚಿಯ ಮನುಷ್ಯ. ಅವರು ಈ ಕಾಲನ್ನು ಕಂಡರೆ ಸಂಬಂಧ ಹೊಳೆಯಲ್ಲೇ ತೇಲಿಹೋದಂತೆ.

ಹಾಗೆಂದು ಮಾನ್ಸಿಕ್ ಕಾಲನ್ನು ಕಡೆಗಣಿಸಿದವನೇನಲ್ಲ. ಹೋದ ವಾರ ಬೋರಾ ತಂದುಕೊಟ್ಟ ತಂಪು ಲೇಪದ ಪ್ಲಾಸ್ಟಿಕ್ ಚೀಲದೊಳಗೆ ಕಾಲಿಟ್ಟುಕೊಂಡು ಬೇಸ್‌ಬಾಲ್ ನೋಡಿದ್ದ. ಮಗಳು ಪಕ್ಕದಲ್ಲಿ ಕೂತು ಏನೇನೋ ಹೇಳುತ್ತಿದ್ದಳು, ಇವನು ಹೂಂಗುಟ್ಟಿದ್ದ. ಈಗ ಕೇಳೋಣವೆಂದರೆ ಅವಳು ಜಾಗ ಹಿಡಿಯಲು ಬೆಳಗ್ಗೆಯೇ ಹೊಳೆಗೆ ಹೋಗಿದ್ದಳು.

ಕೂಗು ಕೇಳಿ ಮೇಲ್ಮನೆಯ ಗ್ವಿಸುನ್ ಅಜ್ಜಿ ಇಳಿದುಬಂದಳು.

"ಹೊಟ್ಟೆ ಕೆಟ್ಟಾಗ ನುಂಗೋ ಕರಿ ಗುಳಿಗೆ ಇದ್ಯಾ? ಅಷ್ಟನ್ನೂ ವಿನಿಗರ್‌ಗೆ ಸುರಿದು ಕಾಲು ಅದ್ದಪ್ಪ. ನಮ್ಮನೆಯವ್ರಿಗೆ ಇದ್ರಲ್ಲೇ ವಾಸಿ ಆಗಿದ್ದು."

"ಎಲ್ಲಾನೂ ಹಾಕ್ಬೇಡಿ ರೀ," ಎಂದಳು ಹೆಂಡತಿ. "ಬೇಸಿಗೇಲಿ ಹೊಟ್ಟೆ ಕೆಟ್ರೆ ಏನ್ ಗತಿ?"

"ಹೊಟ್ಟೆ ಹಾಳಾಗ್ಲಿ! ಈಗ ಕಾಲು ಮುಖ್ಯ!" ಎಂದು ಮಾನ್ಸಿಕ್ ಗುಳಿಗೆಯ ಸೀಸೆಯನ್ನೇ ವಿನಿಗರ್ ಬಕೆಟ್ಟಿಗೆ ಬೋರಲು ಹಾಕಿದ.

ಕಾಲು ಎತ್ತಿದಾಗ ನೆನೆಸಿದ ಹುಣಸೆಹಣ್ಣಿನ ಬಣ್ಣ. ವಾಸನೆಯೋ, ಪಕ್ಕದಲ್ಲೇ ರಸ್ತೆಗೆ ಟಾರು ಹಾಕುತ್ತಿದ್ದ ಹಾಗೆ. ಅದನ್ನು ಮೂಸಿಕೊಂಡೇ ಬಂದ ಕಟ್ಟಡದ ಕಾವಲುಗಾರ ಚೋಲ್ಗು, ಹೆಣ್ಣುಮಕ್ಕಳು ಬಣ್ಣ ಬರಲೆಂದು ಉಗುರಿಗೆ ಕಟ್ಟುವ ಕೆಂಪು ಹೂವನ್ನು ಪಟಿಕದ ಜೊತೆ ಅರೆದು ತಂದ.

"ಅಣ್ಣಾ, ಇದನ್ನ ಮೆತ್ಕೊಳಿ. ವಾಸನೆ ಹೋಗಿಲ್ಲ ಅಂದ್ರೆ ಕೇಳಿ."

ವಾಸನೆ ಹೋಗಲಿಲ್ಲ. ಹತ್ತೂ ಉಗುರು ಮದುಮಗಳ ಉಗುರಿನಂತೆ ಕೆಂಪಾದವು. ಮಾನ್ಸಿಕ್‌ಗೆ ಅಳುವೇ ಬಂತು. ಚಳಿಗಾಲದ ಉಣ್ಣೆ ಕಾಲ್ಚೀಲ ಒಂದರ ಮೇಲೊಂದು ಏರಿಸಿಕೊಂಡು ಕಾರು ಹತ್ತಿದ.

ಹೊಳೆಯಲ್ಲಿ ಬೋರಾ, ಅವಳ ಹುಡುಗ ಹ್ಯೋಕ್, ಬೀಗಿತಿ ಎಲ್ಲರೂ ಕಾಲು ಬಿಟ್ಟುಕೊಂಡು ಕೂತಿದ್ದರು. ಕ್ವಾಕ್ ಮೇಷ್ಟ್ರು ಮಾತ್ರ ಕಪ್ಪು ಕಾಲ್ಚೀಲ ತೊಟ್ಟು, ಕಾಲು ಮಡಚಿ, ಪರೀಕ್ಷೆ ಕೊಠಡಿಯಲ್ಲಿ ಕೂತಂತೆ ಬಿಗಿದುಕೊಂಡು ಕೂತಿದ್ದರು.

"ಬೀಗ್ರೇ, ಕಾಲಿಳಿಸಿ, ಹಾಯಾಗಿದೆ," ಎಂದಳು ಬೀಗಿತಿ.

"ನಂಗೆ ತಣ್ಣೀರು ಆಗಲ್ಲ," ಎಂದ ಮಾನ್ಸಿಕ್, ಹಣೆಯಿಂದ ಬೆವರು ಇಳಿಯುತ್ತಿತ್ತು.

"ನನಗೂ," ಎಂದರು ಕ್ವಾಕ್.

ಸಾರು ಬಂತು, ಖಾಲಿಯಾಯಿತು, ಮದುವೆಯ ಮಾತನ್ನು ಯಾರೂ ಎತ್ತಲಿಲ್ಲ. ಹೆಂಡತಿ ಮಾನ್ಸಿಕ್‌ನ ತೊಡೆ ಚಿವುಟಿ ಪಿಸುಗುಟ್ಟಿದಳು. "ನೀವು ಕಾಲಿಡ್ಲಿಲ್ಲ ಅಂತ ಅವ್ರಿಗೆ ಅವಮಾನ ಆಗಿದೆ. ಮುಖ ನೋಡಿ! ಹೋಯ್ತು, ಸಂಬಂಧ ಹೋಯ್ತು!"

ಬೋರಾಳ ಕಣ್ಣು ತುಂಬಿಕೊಂಡಿತ್ತು. ಅದನ್ನು ನೋಡಿ ಮಾನ್ಸಿಕ್‌ಗೆ ತಡೆಯಲಾಗಲಿಲ್ಲ. ಆದದ್ದಾಗಲಿ ಎಂದು ಕಾಲ್ಚೀಲ ಕಿತ್ತೆಸೆದು ಎರಡೂ ಕಾಲನ್ನು ದುಡುಮ್ಮನೆ ನೀರಿಗೆ ಬಿಟ್ಟ.

ಕಾಲಿನಿಂದ ಕಂದು ಬಣ್ಣ ಬಿಟ್ಟುಕೊಂಡು, ಕೆಳಗೆ ಬಲೆಯಲ್ಲಿ ತಣಿಯಲಿಟ್ಟಿದ್ದ ಕಲ್ಲಂಗಡಿಯ ಕಡೆಗೆ ಹರಿಯಿತು. ಟಾರಿನ ವಾಸನೆ ಎದ್ದಿತು. ಬೀಗಿತಿ ಮೂಗು ಹಿಡಿದಳು. ಹ್ಯೋಕ್‌ನ ಕೈಯಿಂದ ಚಮಚ ಜಾರಿತು. ಎಲ್ಲರೂ ಗರಬಡಿದವರಂತೆ ಆ ಕೆಂಪು ಉಗುರು, ಜೋತಾಡುವ ಚರ್ಮವನ್ನೇ ನೋಡುತ್ತ ಉಳಿದರು.

ಕ್ವಾಕ್ ಮೇಷ್ಟ್ರು ಮಡಚಿದ್ದ ಕಾಲು ಬಿಚ್ಚಿದರು. ಮೆಲ್ಲಗೆ ತಮ್ಮ ಕಾಲ್ಚೀಲವನ್ನೂ ಎಳೆದರು. ಅಲ್ಲೂ ಅದೇ ಹರಿದ ಪೋಸ್ಟರು!

"ನಿಮಗೂನಾ?" ಎಂದ ಮಾನ್ಸಿಕ್.

"ಹೆಂಡ್ತೀಗೂ ತೋರಿಸಿಲ್ಲ," ಎಂದರು ಮೇಷ್ಟ್ರು.

ಬೋರಾ ಹಣೆ ಚಚ್ಚಿಕೊಂಡಳು. "ಅಪ್ಪಾ! ಮಾವಾ! ಚರ್ಮ ಸುಲೀಲಿ ಅಂತಾನೇ ಅಲ್ವಾ ನಾನು ಇಬ್ರಿಗೂ ಆ ಲೇಪದ ಚೀಲ ಕೊಟ್ಟಿದ್ದು? ವಾರದಲ್ಲಿ ಹಳೇ ಚರ್ಮ ಉದುರಿ ಕಾಲು ಹೊಸದಾಗುತ್ತೆ ಅಂತ ಹೇಳ್ದೆ. ಇಬ್ರೂ ಹೂಂ ಅಂದ್ರಿ!"

ನಗು ಹೊಳೆಯ ಸದ್ದನ್ನೂ ಮೀರಿಸಿತು. ಮದುವೆ ಅಲ್ಲೇ ಗೊತ್ತಾಯಿತು. ಮೇಷ್ಟ್ರು ನೀರಲ್ಲಿ ಕಾಲುಜ್ಜಿದರೆ ಎಳೆ ಮಗುವಿನ ಪಾದ ಹೊರಬಂತು. ಮಾನ್ಸಿಕ್ ಎಷ್ಟುಜ್ಜಿದರೂ ಹುಣಸೆಹಣ್ಣೇ.

ಅಷ್ಟರಲ್ಲಿ ಹೋಟೆಲಿನಾಕೆ ಕಲ್ಲಂಗಡಿ ಕೊಯ್ದು ತಂದಳು. ಗಮ್ಮೆಂದಿತು, ಟಾರು. ಯಾರೂ ಕೈ ಚಾಚಲಿಲ್ಲ.

"ಮೊದಲು ಬೀಗರು ತಗೋಬೇಕು," ಎಂದು ಮೇಷ್ಟ್ರು ತಟ್ಟೆಯನ್ನು ಭಯಭಕ್ತಿಯಿಂದ ಮಾನ್ಸಿಕ್‌ನತ್ತ ತಳ್ಳಿದರು.

ಮರ್ಯಾದೆಯ ಪ್ರಶ್ನೆ. ಮಾನ್ಸಿಕ್ "ಆಹಾ, ಏನ್ ಸಿಹಿ!" ಎನ್ನುತ್ತ ಇಡೀ ತಟ್ಟೆ ಒಬ್ಬನೇ ಮುಗಿಸಿದ.

ಮನೆ ಮುಟ್ಟುವುದರೊಳಗೆ ಹೊಟ್ಟೆ ತಿರುಚತೊಡಗಿತು. ಪಾಯಿಖಾನೆಗೆ ಹೋಗಿ ಹೋಗಿ ಸುಸ್ತಾಗಿ, ಗೋಡೆ ಹಿಡಿದು ನರಳಿದ:

"ಬೋರಾಳ ಅಮ್ಮಾ... ಆ ಕರಿ ಗುಳಿಗೆ ಕೊಡೇ..."

ಹೆಂಡತಿ ಬೆಳಗಿನ ಬಕೆಟ್ಟನ್ನು ಎಳೆದುತಂದು ಅವನ ಮುಂದಿಟ್ಟಳು.

"ಎಲ್ಲಾ ಇದ್ರಲ್ಲೇ ಇದೆ. ಎಷ್ಟು ಲೋಟ ಕೊಡ್ಲಿ?"