ಸಿಟ್ಟಿಗೊಂದು ಸ್ವೆಟರ್

ಎಲ್ಲ ರಗಳೆಗೂ ಮೂಲ ಒಂದು ಕಾಲುಚೀಲ.

ಚಳಿಗಾಲದ ರಜೆಯ ಮೊದಲ ಬೆಳಗ್ಗೆ. ಕಿಟಕಿಯ ಗಾಜಿಗೆ ಮಂಜು ಮೆತ್ತಿಕೊಂಡಿತ್ತು. ಹೊರಗೆ ಸೂರ್ಯ ಹೊದಿಕೆಯಿಂದ ಒಂದು ಕಣ್ಣು ಮಾತ್ರ ಹೊರಹಾಕಿ ಏಳಲೋ ಬೇಡವೋ ಎಂದು ನೋಡುತ್ತಿದ್ದ. ಒಳಗೆ ಮಂಚದ ತುದಿಯಲ್ಲಿ ಮನೆಯ ಯಜಮಾನರು ಕುಳಿತಿದ್ದರು. ಬಲಗಾಲು ಬೆಚ್ಚಗಿತ್ತು. ಎಡಗಾಲು ಬತ್ತಲಾಗಿತ್ತು.

"ಈ ಮನೇಲಿ ಇಟ್ಟ ವಸ್ತು ಇಟ್ಟ ಜಾಗದಲ್ಲಿ ಯಾವತ್ತಾದ್ರೂ ಇರುತ್ತಾ? ರಾತ್ರಿ ಎರಡು ಬಿಚ್ಚಿಟ್ಟೆ. ಬೆಳಗ್ಗೆ ಒಂದೇ! ಇನ್ನೊಂದಕ್ಕೇನು ಕಾಲು ಬಂತಾ?"

ಇವರಿಗೆ ಬೀದಿಯವರು ಇಟ್ಟ ಹೆಸರು ದೂರ್ವಾಸರು. ಹೆಸರು ಸುಮ್ಮನೆ ಬಂದದ್ದಲ್ಲ. ನೀರು ಸರಬರಾಜು ಕಚೇರಿಯಲ್ಲಿ ದೂರು ಸ್ವೀಕರಿಸುವ ಕಿಟಕಿಯ ಹಿಂದೆ ಕೂರುವುದು ಅವರ ಕೆಲಸ. ನಲ್ಲಿ ಬಾರದವರು, ಕೊಳವೆ ಒಡೆದವರು, ಮುಖಕ್ಕೆ ಸೋಪು ಹಚ್ಚಿಕೊಂಡಾಗಲೇ ನೀರು ನಿಂತವರು, ಎಲ್ಲರೂ ಬಂದು ಅವರ ಮೇಲೆ ಕೂಗಾಡಿ ಹೋಗುತ್ತಾರೆ. ದೂರ್ವಾಸರು ಮಾತ್ರ ತುಟಿಯನ್ನು ಕಿವಿಯಿಂದ ಕಿವಿಗೆ ಎಳೆದು, "ನಿಮ್ಮ ದೂರು ದಾಖಲಾಗಿದೆ. ಪರಿಶೀಲಿಸುತ್ತೇವೆ" ಎಂದಷ್ಟೇ ಹೇಳಬೇಕು. ಅಲ್ಲಿ ಹಗಲಿಡೀ ನುಂಗಿದ ಸಿಟ್ಟನ್ನು ಸಂಜೆ ಟಿಫಿನ್ ಡಬ್ಬಿಯ ಜೊತೆ ಮನೆಗೆ ತಂದು ಕಕ್ಕುತ್ತಾರೆ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂಬ ಮಾತು ಅವರನ್ನು ನೋಡಿಯೇ ಹುಟ್ಟಿದ್ದಿರಬೇಕು. ಕೊತ್ತಿಯಿಲ್ಲದ ಮನೆ. ಇಬ್ಬರು ಹೆಣ್ಣುಮಕ್ಕಳಿದ್ದಾರೆ.

"ಹೋದ ವರ್ಷದ ರಜೇಲೂ ಹೀಗೇ. ಒಂದು ದಿನ ನಗುನಗುತಾ ಇದ್ದಿದ್ದು ನೆನಪಿಲ್ಲ ನನಗೆ" ಎಂದು ಹೆಂಡತಿ ಒಲೆಯ ಮುಂದಿನಿಂದಲೇ ಹೇಳಿದಳು.

"ನನಗೆ ಸಿಟ್ಟೇ ಬರಲ್ಲ! ಬರಿಸ್ತೀರಿ!"

ಅಷ್ಟು ಹೊತ್ತಿಗೆ ದೊಡ್ಡ ಮಗಳು ಬಾಗಿಲಲ್ಲಿ ಬಂದು ನಿಂತಳು. ವಯಸ್ಸು ಹತ್ತಿರಬಹುದು. ಮಾತು ಮಾತ್ರ ಕಪ್ಪು ಕೋಟಿನ ವಕೀಲರದು.

"ಬರಲ್ಲ ಅಂದ್ರೆ ಪಣ ಕಟ್ಟು ಅಪ್ಪ. ಅಟ್ಟದಿಂದ ನಿನ್ನೆ ಇಳಿಸಿದ ತಗಡಿನ ಪೆಟ್ಟಿಗೆ ಇದೆಯಲ್ಲ, ಉಣ್ಣೆ ಬಟ್ಟೆದು? ನಿನಗೆ ಸಿಟ್ಟು ಬಂದಾಗಲೆಲ್ಲ ಅದರಿಂದ ಒಂದೊಂದು ಬಟ್ಟೆ ಹಾಕ್ಕೋಬೇಕು. ಹಾಕಿದ್ದನ್ನ ತೆಗೆಯೋ ಹಾಗಿಲ್ಲ. ಹೊತ್ತು ಮುಳುಗೋದರೊಳಗೆ ಪೆಟ್ಟಿಗೆ ಖಾಲಿಯಾದರೆ ನಾಯಿಮರಿ ನಮ್ಮನೆಗೆ."

ನಾಯಿಮರಿ! ಕೆಳಗಿನ ಮನೆಯ ಟೈಲರಮ್ಮನ ನಾಯಿ ಮರಿ ಹಾಕಿತ್ತು. ಎಲ್ಲವೂ ಒಂದೊಂದು ಮನೆ ಸೇರಿ, ಒಂದು ಉಳಿದಿತ್ತು. ಆ ತಾಯಿನಾಯಿಗೂ ದೂರ್ವಾಸರಿಗೂ ಹಳೆಯ ಹಗೆ. ದಿನಾ ಬೆಳಗ್ಗೆ ಮೆಟ್ಟಿಲಿಳಿಯುವಾಗ ಅದು ಅವರ ಮೇಲೆ ಬೊಗಳುತ್ತದೆ. ಕಚೇರಿ ಶುರುವಾಗುವ ಮುಂಚೆಯೇ ಒಂದು ದೂರು. ಅದರ ಸಂತಾನ ಈ ಮನೆಯ ಹೊಸ್ತಿಲು ದಾಟಿದರೆ ತಾನು ಹೊಸ್ತಿಲಾಚೆ ಹೋಗುವುದಾಗಿ ಅವರು ಈಗಾಗಲೇ ಘೋಷಿಸಿದ್ದರು.

"ಖಾಲಿಯಾಗದಿದ್ದರೆ?"

"ಇನ್ನು ಯಾವತ್ತೂ ನಾಯಿಮರಿ ಅಂತ ಬಾಯಿ ಬಿಡಲ್ಲ."

ಯಾವತ್ತೂ ಎಂಬ ಮಾತು ಅವರ ಕಿವಿಗೆ ಜೇನಾಗಿ ಬಿತ್ತು. "ಆಯ್ತು" ಎಂದರು. ಹಿಂದೆಯೇ, "ಮೊದಲು ಆ ದರಿದ್ರ ಕಾಲುಚೀಲ ಎಲ್ಲಿದೆ ಹೇಳಿ!" ಎಂದು ಅಬ್ಬರಿಸಿದರು.

"ಒಂದು" ಎಂದಳು ಹೆಂಡತಿ.

ಬಟ್ಟೆ ತರಲು ಅವರು ಪೆಟ್ಟಿಗೆಯತ್ತ ಎದ್ದರೆ, ಚಿಕ್ಕವಳು ಎರಡೂ ಕೈ ಚಾಚಿ ಅಡ್ಡ ನಿಂತಳು. "ನೀನು ಮುಟ್ಟಬೇಡ! ನಾನೇ ತರ್ತೀನಿ!" ಪೆಟ್ಟಿಗೆಯ ಮುಚ್ಚಳಕ್ಕೆ ಒಂದು ಚಪ್ಪಲಿ ಸಿಕ್ಕಿಸಿ ತುಸು ತೆರೆದಿಟ್ಟಿದ್ದರು. ಉಣ್ಣೆಗೆ ಗಾಳಿಯಾಡಬೇಕಂತೆ. ಸಂದಿಯಿಂದ ಕೈಹಾಕಿ ಅವಳು ಕಂದು ಸ್ವೆಟರ್ ಎಳೆದು ತಂದಳು. ಆಮೇಲೆ, ಹಾಲೆಂದರೆ ಮೂಗು ಮುಚ್ಚಿಕೊಂಡು ಓಡುವ ಅದೇ ಮಗು, ತಾನಾಗಿಯೇ ಒಂದು ಲೋಟ ಹಾಲು ಹಿಡಿದು ಕೋಣೆ ಸೇರಿತು. ರಜೆಯಲ್ಲಿ ಮಕ್ಕಳು ಎಷ್ಟು ಸುಧಾರಿಸುತ್ತಾರೆ ಎಂದುಕೊಂಡರು ದೂರ್ವಾಸರು.

ಚಹಾ ಮುಗಿಸಿ ನಾಲ್ವರೂ ಕೇರಂ ಬೋರ್ಡಿನ ಸುತ್ತ ಕುಳಿತರು. ಮಂಜು ಕರಗಿ ಎಳೆಬಿಸಿಲು ಬೋರ್ಡಿನ ನಡುವೆ ಬಂದು ಕುಳಿತಿತ್ತು. ಎಷ್ಟು ಚೆಂದದ ರಜೆ! ರಾಣಿಕಾಯಿ ಚಿಕ್ಕವಳ ಮೊಣಕೈಗೆ ತಾನಾಗಿ ಅಂಟಿಕೊಂಡು ತಾನಾಗಿ ಕುಳಿಗೆ ಬೀಳುವ ತನಕ ಚೆಂದವೇ ಇತ್ತು.

"ಫೌಲ್! ಹಗಲು ದರೋಡೆ! ಕಣ್ಣೆದುರಿಗೇ!"

"ಸಿಟ್ಟು ಬಂತಾ ಅಪ್ಪ?" ಎಂದಳು ದೊಡ್ಡವಳು, ಮೆಲ್ಲಗೆ.

"ಇದು ಸಿಟ್ಟಲ್ಲ! ನ್ಯಾಯ! ನ್ಯಾಯ ಕೇಳೋದೂ ತಪ್ಪಾ ಈ ಮನೇಲಿ?" ಎನ್ನುವ ರಭಸಕ್ಕೆ ಬೋರ್ಡೇ ಎದ್ದು ಕುಣಿಯಿತು.

ಹೆಂಡತಿ ಎರಡು ಎಂದೂ, ಮೂರು ಎಂದೂ ಒಂದೇ ಉಸಿರಲ್ಲಿ ತೀರ್ಪಿತ್ತಳು. ಸ್ವೆಟರ್ ಮೇಲೆ ಇನ್ನೊಂದು ಸ್ವೆಟರ್, ಅದರ ಮೇಲೆ ಶಾಲು. ಆಗಲೇ ಕೋಣೆಯಿಂದ 'ಕುಂಯ್' ಎಂದು ಏನೋ ಸದ್ದು.

"ಏನದು?"

"ನನಗೆ ಬಿಕ್ಕಳಿಕೆ" ಎಂದಳು ಚಿಕ್ಕವಳು, ಎದುರಿಗೇ ಕುಳಿತು.

ಈ ಮನೆಯಲ್ಲಿದ್ದರೆ ಉಳಿಗಾಲವಿಲ್ಲ. ಅಜ್ಜಿಕತೆಯ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯೊಳಗೆ ಇರುತ್ತದಲ್ಲ, ಹಾಗೆ ತನ್ನ ಶಾಂತಿಯನ್ನೂ ಯಾರ ಕೈಗೂ ಸಿಗದ ಜಾಗದಲ್ಲಿ ಬಚ್ಚಿಡಬೇಕು ಎಂದುಕೊಂಡು ದೂರ್ವಾಸರು ಟೆರೇಸಿಗೆ ಹೊರಟರು. ಮೆಟ್ಟಿಲ ಬಳಿ ಆ ತಾಯಿನಾಯಿ ಏನನ್ನೋ ಹುಡುಕುತ್ತ ಓಡಾಡುತ್ತಿತ್ತು. ಇವರು ಹಲ್ಲು ಕಚ್ಚಿಕೊಂಡು ನಿಂತರು. ನಾಯಿ ಬೊಗಳಲಿಲ್ಲ! ಹತ್ತಿರ ಬಂದು ಸ್ವೆಟರಿನ ಅಂಚನ್ನು ಮೂಸಿ ಮೂಸಿ, ಬಾಲ ಅಲ್ಲಾಡಿಸಿತು.

"ನೋಡಿದ್ಯಾ? ಶಾಂತವಾಗಿದ್ರೆ ಮೃಗಕ್ಕೂ ಗೊತ್ತಾಗುತ್ತೆ" ಎಂದರು ತಂಗಿಯ ಜೊತೆ ಹಿಂದೆಯೇ ಬರುತ್ತಿದ್ದ ದೊಡ್ಡವಳಿಗೆ. ದೊಡ್ಡವಳು ಆಕಾಶ ನೋಡಿದಳು.

ಟೆರೇಸಿನಲ್ಲಿ ನಿವೃತ್ತ ಹೆಡ್‌ಮಾಸ್ಟರು ಕುರ್ಚಿ ಹಾಕಿಕೊಂಡು ಬಿಸಿಲಿಗೆ ಮೈ ಕಾಯಿಸುತ್ತಿದ್ದರು. ಶಾಲೆ ಬಿಟ್ಟು ವರ್ಷಗಳಾದರೂ ಶಾಲೆ ಅವರನ್ನು ಬಿಟ್ಟಿರಲಿಲ್ಲ. ಬೀದಿಯೆಲ್ಲ ಅವರಿಗೆ ಹಿಂದಿನ ಬೆಂಚು.

"ಬಾರಪ್ಪಾ ಬಾ. ನಮ್ಮ ನಲ್ಲೀಲಿ ನೀರು ಕಣ್ಣೀರಿನ ಹಾಗೆ ಬರ್ತಾ ಇದೆ. ನಿನ್ನ ಕಿಟಕಿಗೆ ಬಂದು ಬಂದು ನನ್ನ ಚಪ್ಪಲಿ ಸವೀತು."

"ಮೇಷ್ಟ್ರೇ, ಇವತ್ತು ರಜೆ."

"ನೀರಿಗೂ ರಜೆಯಾ? ಅಯ್ಯೋ, ಮುಖ ಯಾಕೆ ಕೆಂಪಾಯ್ತು? ಸಿಟ್ಟು ಬಂದಾಗ ಹತ್ತರಿಂದ ಹಿಂದಕ್ಕೆ ಎಣಿಸಬೇಕಪ್ಪಾ. ಎಣಿಸು, ಎಣಿಸು."

ದೂರ್ವಾಸರು ಕಣ್ಣು ಮುಚ್ಚಿದರು. "ಹತ್ತು, ಒಂಬತ್ತು, ಏಳು..."

"ಎಂಟೆಲ್ಲಿ ಹೋಯ್ತು? ಇದಕ್ಕೇ ನೋಡು ನಿಮ್ಮ ಕಚೇರಿ ಲೆಕ್ಕ ಹಾಗಿರೋದು! ಮೊದಲಿಂದ ಹೇಳು."

"ಎಂಟು ಹಾಳಾಗಿ ಹೋಗ್ಲಿ!" ಎಂಬ ಕೂಗಿಗೆ ಪಕ್ಕದ ಟೆರೇಸಿನ ಪಾರಿವಾಳಗಳೆಲ್ಲ ಎದ್ದವು. ಚಿಕ್ಕವಳು ಕೆಳಗೆ ಓಡಿದಳು. ಬರುವಾಗ, ಮಾವನವರ ಕಾಲದ ದಪ್ಪ ಓವರ್‌ಕೋಟು ಅವಳನ್ನೇ ಹೊತ್ತು ತಂದಂತೆ ಮೆಟ್ಟಿಲು ಹತ್ತಿ ಬಂತು. ಅದನ್ನು ತೊಟ್ಟ ಮೇಲೆ ದೂರ್ವಾಸರು ನಡೆದಾಡುವ ಹಾಸಿಗೆಯಾದರು. ಕೈಗಳು ಮೈಗೆ ತಾಗದೆ ಪೆಂಗ್ವಿನ್ನಿನಂತೆ ಎರಡೂ ಬದಿಗೆ ನಿಂತವು. ಇನ್ನಿಲ್ಲಿ ಒಂದು ಕ್ಷಣವೂ ಇರಬಾರದೆಂದು ಮೆಟ್ಟಿಲಿನ ಕಿರಿಬಾಗಿಲಿಗೆ ನುಗ್ಗಿದರು. ಅರ್ಧ ನುಗ್ಗಿದರು. ಉಳಿದರ್ಧ ಟೆರೇಸಿನಲ್ಲೇ ಉಳಿಯಿತು.

"ಉಸಿರು ಬಿಡಪ್ಪಾ! ಹೊಟ್ಟೆ ಒಳಗೆ!" ಎಂದು ಹಿಂದಿನಿಂದ ಮೇಷ್ಟ್ರು ತಳ್ಳಿದರು. ಗಲಾಟೆ ಕೇಳಿ ಕೆಳಗಿನಿಂದ ಓಡಿಬಂದ ಟೈಲರಮ್ಮ ಮುಂದಿನಿಂದ ಎಳೆದಳು. ಅವಳ ಕತ್ತಿನಲ್ಲಿ ಅಳತೆ ಟೇಪು ಹಾವಿನಂತೆ ಜೋಲಾಡುತ್ತಿತ್ತು.

"ಬಾಗಿಲು ಬಿಚ್ಚೋಕಾಗಲ್ಲ ಅಣ್ಣ. ನಿಮ್ಮ ಬೆನ್ನಿನ ಹೊಲಿಗೆ ಬಿಚ್ಚಿಬಿಡ್ಲಾ? ಕತ್ತರಿ ತಂದಿದ್ದೀನಿ" ಎಂದಳು, ಬಲು ಪ್ರೀತಿಯಿಂದ.

ಕಿರಿಬಾಗಿಲು, ಮೇಲೆ ಕೆಳಗೆ ಜನ, ಎಲ್ಲರಿಗೂ ಒಂದೊಂದು ಮಾತು. ಈ ಚೌಕಟ್ಟನ್ನು ಎಲ್ಲೋ ನೋಡಿದ್ದೇನಲ್ಲ ಎನಿಸಿತು ದೂರ್ವಾಸರಿಗೆ. ಹೌದು! ಇದು ತನ್ನ ಕಿಟಕಿಯೇ! ತಟ್ಟನೆ ಉಪಾಯ ಹೊಳೆಯಿತು. ತುಟಿ ತಾನಾಗಿ ಕಿವಿಯಿಂದ ಕಿವಿಗೆ ಎಳೆದುಕೊಂಡಿತು.

"ನಿಮ್ಮ ದೂರು ದಾಖಲಾಗಿದೆ. ಪರಿಶೀಲಿಸುತ್ತೇವೆ."

ಸಿಟ್ಟು ಗಂಟಲಿನಲ್ಲೇ ಮಂಜುಗಡ್ಡೆಯಾಯಿತು. ಇಷ್ಟು ಸುಲಭವೇ!

ಕೊನೆಗೂ ಬಾಗಿಲು ಅವರನ್ನು ಉಗುಳಿದ ಮೇಲೆ ದೂರ್ವಾಸರನ್ನು ತಡೆಯುವವರೇ ಇರಲಿಲ್ಲ. ಊಟದಲ್ಲಿ ಸಾರು ಓವರ್‌ಕೋಟಿನ ಮೇಲೆ ಚೆಲ್ಲಿತು. ದಾಖಲಾಗಿದೆ. ದೊಡ್ಡವಳು ಬೇಕೆಂದೇ ಅವರ ಕಿವಿಯ ಬಳಿ ಪೀಪಿ ಊದಿದಳು. ಪರಿಶೀಲಿಸುತ್ತೇವೆ. ಎರಡೇ ಎರಡು ಸಲ ಜಾರಿದರು. ಅದಕ್ಕೆ ಕೈಗವಸು ಮತ್ತು ಮಫ್ಲರ್ ದಂಡ ತೆತ್ತರು. ಪೆಟ್ಟಿಗೆಯಲ್ಲಿ ಇನ್ನು ಉಳಿದದ್ದು ಒಂದೇ ಬಟ್ಟೆ. ಬಿಸಿಲು ಕೆಂಪಾಗತೊಡಗಿತ್ತು. ಬೆವರು ಹೊಳೆಯಾಗಿ ಹರಿಯುತ್ತಿತ್ತು. ಒಳಗೆ ಸಿಟ್ಟು ಮುಚ್ಚಳ ಬಿಗಿದ ಕುಕ್ಕರಿನಂತೆ ಕುದಿಯುತ್ತಿತ್ತು. ಮುಖದ ಮೇಲೆ ಮಾತ್ರ ಅದೇ ನಗು.

"ಅಪ್ಪ, ಹೀಗೆ ನಗಬೇಡ. ಹೆದರಿಕೆ ಆಗುತ್ತೆ. ಬೇಕಾದ್ರೆ ಬೈ" ಎಂದು ಚಿಕ್ಕವಳು ಕೋಟಿನ ಅಂಚು ಹಿಡಿದಳು.

ಆ ಮಾತು ಎಲ್ಲೋ ಚುಚ್ಚಿತು. ಆದರೆ ಗೆಲುವು ಕೈಗೆ ಬಂದಿರುವಾಗ ಚುಚ್ಚಿದ್ದನ್ನು ಯಾರು ನೋಡಿಕೊಳ್ಳುತ್ತಾರೆ? ಎದುರಿನ ನೀರಿನ ಟ್ಯಾಂಕಿನ ಹಿಂದೆ ಸೂರ್ಯ ಇಳಿಯುತ್ತಲೇ ದೂರ್ವಾಸರು ಎದ್ದರು.

"ಮುಗೀತು! ಗೆದ್ದೆ! ಪೆಟ್ಟಿಗೆ ಮುಚ್ಚಿ ಅಟ್ಟಕ್ಕೆ ಏರಿಸ್ತೀನಿ!"

"ಬೇಡ ಅಪ್ಪ!" ಎಂದು ಇಬ್ಬರೂ ಕಿರುಚಿದರು. ಆದರೆ ಹಾಸಿಗೆಯೊಂದು ಉರುಳಿಕೊಂಡು ಬಂದರೆ ತಡೆಯುವವರು ಯಾರು? ಮುಚ್ಚಳ ತೆರೆದರು.

ತಳದಲ್ಲಿ, ಅತ್ತೆ ಕುಂಬಳಕಾಯಿಯ ಅಳತೆ ತೆಗೆದು ಹೆಣೆದುಕೊಟ್ಟಂತಿದ್ದ ಗುಲಾಬಿ ಬಣ್ಣದ ಮಂಕಿ ಕ್ಯಾಪು. ಅದರೊಳಗೆ ಸುರುಳಿ ಸುತ್ತಿಕೊಂಡು ಮಲಗಿದ್ದ ನಾಯಿಮರಿ. ಮರಿಯ ಗದ್ದದ ಕೆಳಗೆ ದಿಂಬಿನಂತೆ ಎಡಗಾಲಿನ ಕಾಲುಚೀಲ.

ದೂರ್ವಾಸರ ಬಾಯಿ ತೆರೆಯಿತು. ಮರಿಯ ಬಾಯಿಯೂ ತೆರೆಯಿತು. ಅದು ಆಕಳಿಸಿತು. ಆಮೇಲೆ ಎದ್ದು ಅವರ ಕೈಗವಸಿನ ಹೆಬ್ಬೆರಳನ್ನು ಬಾಯಲ್ಲಿಟ್ಟುಕೊಂಡು ಮತ್ತೆ ನಿದ್ದೆಹೋಯಿತು. ಬೆಳಗ್ಗೆಯಿಂದ ತನ್ನ ಮೇಲೆ ದೂರು ಹೇಳದ ಜೀವ ಇದೊಂದೇ ಎಂದು ಅವರಿಗೆ ಯಾಕೆ ಅನಿಸಿತೋ!

ಅಷ್ಟರಲ್ಲಿ ಬಾಗಿಲಲ್ಲಿ ಕೆಮ್ಮು. ಮೇಷ್ಟ್ರು, ಹಿಂದೆ ಟೈಲರಮ್ಮ.

"ನಿಮಗೆ ಬೇಡವಾದ್ರೆ ಈ ಮರೀನ ಮೇಷ್ಟ್ರಿಗೆ ಕೊಟ್ಟುಬಿಡ್ತೀನಿ ಅಣ್ಣ" ಎಂದಳು ಟೈಲರಮ್ಮ.

"ಟೆರೇಸಲ್ಲಿ ಕಟ್ಟಿ ಹಾಕ್ತೀನಿ" ಎನ್ನುತ್ತ ಮೇಷ್ಟ್ರು ಮರಿಯ ಕುತ್ತಿಗೆಯ ತೊಗಲು ಹಿಡಿದು ಮೇಲೆತ್ತಿದರು. "ಚಳೀಲಿ ಬಿದ್ದಿದ್ರೆ ಬೊಗಳೋದು ಬೇಗ ಕಲಿಯುತ್ತೆ. ಶಿಸ್ತು!"

ಮರಿ ಗಾಳಿಯಲ್ಲಿ ನಾಲ್ಕೂ ಕಾಲು ಬಡಿದು 'ಕುಂಯ್' ಎಂದಿತು.

ದಿನವಿಡೀ ಬಿಗಿದಿಟ್ಟ ಕುಕ್ಕರು ಸಿಡಿಯಿತು.

"ಕೆಳಗೆ ಬಿಡ್ರೀ ಮೇಷ್ಟ್ರೇ! ಕುತ್ತಿಗೆ ಹಿಡಿದು ಎತ್ತೋಕೆ ಇದೇನು ನಿಮ್ಮ ಶಾಲೆ ಹುಡುಗನಾ? ಈ ಚಳೀಲಿ ಟೆರೇಸಲ್ಲಿ ನೀವು ಮಲಗಿ, ಶಿಸ್ತು ಬರುತ್ತೆ! ಇದು ನಮ್ಮನೆ ಮರಿ! ಮುಟ್ಟಿದ್ರೆ ಜೋಕೆ!"

ಗೋಡೆಯ ಗಡಿಯಾರವೂ ಹೆದರಿ ನಿಂತಂತಾಯಿತು. ದೊಡ್ಡವಳು ಕಿಟಕಿಗೆ ಹೋಗಿ ಇಣುಕಿದಳು. ಟ್ಯಾಂಕಿನ ಕಾಲುಗಳ ನಡುವೆ ಉಗುರಿನಷ್ಟು ಕೆಂಪು ಇನ್ನೂ ಮಿನುಗುತ್ತಿತ್ತು.

"ಸೂರ್ಯ ಇನ್ನೂ ಇದ್ದಾನೆ ಅಪ್ಪ."

ಚಿಕ್ಕವಳು ಮಂಕಿ ಕ್ಯಾಪು ತಂದು ತಲೆಗೆ ಏರಿಸಿದಳು. ಟೋಪಿ ಬೆಚ್ಚಗಿತ್ತು. ತುಸು ಹೊತ್ತಾದ ಮೇಲೆ ಗೊತ್ತಾಯಿತು, ಒದ್ದೆಯೂ ಆಗಿತ್ತು. ಪೆಟ್ಟಿಗೆ ಖಾಲಿ.

ಮರಿಯನ್ನು ಮಕ್ಕಳ ಕೈಗಿಟ್ಟು ಮೇಷ್ಟ್ರು ಹೊರಟರು. ಹೆಂಡತಿ ಬಾಗಿಲವರೆಗೆ ಹೋದಳು. ಮೆಟ್ಟಿಲ ಮೇಲಿನ ಪಿಸುಮಾತು ಮಂಕಿ ಕ್ಯಾಪಿನೊಳಗೂ ಸ್ಪಷ್ಟವಾಗಿ ಕೇಳಿಸಿತು.

"ನೀನು ಹೇಳಿಕೊಟ್ಟ ಪಾಠ ನಾನು ಸರಿಯಾಗಿ ಒಪ್ಪಿಸಿದೆನೇನಮ್ಮಾ? ನನಗೆ ನಾಯಿ ಅಂದ್ರೆ ಮೈಯೆಲ್ಲ ತುರಿಕೆ."

"ನೂರಕ್ಕೆ ನೂರು ಮೇಷ್ಟ್ರೇ. ಮರಿ ಮೇಲೆ ಇವರಿಗೆ ಪ್ರೀತಿ ಬರುತ್ತೆ ಅಂತ ನನಗೂ ಗೊತ್ತಿರಲಿಲ್ಲ. ನಿಮ್ಮ ಮೇಲೆ ಸಿಟ್ಟು ಬರುತ್ತೆ ಅಂತ ಮಾತ್ರ ಗೊತ್ತಿತ್ತು."

ದೂರ್ವಾಸರು ದೀರ್ಘವಾಗಿ ಉಸಿರೆಳೆದರು. ಮುಖ ಕೆಂಪಾಯಿತು, ಮಫ್ಲರ್ ಬಿಗಿಯಾಯಿತು. ಪೆಟ್ಟಿಗೆಯತ್ತ ನೋಡಿದರು. ಇನ್ನೊಂದು ಸಿಟ್ಟಿಗೆ ಅದರಲ್ಲಿ ಒಂದು ನೂಲೂ ಉಳಿದಿರಲಿಲ್ಲ. ಕೆಳಗೆ ಮರಿ ಆಗಲೇ ಬಲಗಾಲಿನ ಕಾಲುಚೀಲವನ್ನು ಎಳೆಯತೊಡಗಿತ್ತು.

"ಮೋಸ! ಇದು ಶುದ್ಧ ಮೋಸ!"

ದೊಡ್ಡವಳು ತುಟಿಯನ್ನು ಕಿವಿಯಿಂದ ಕಿವಿಗೆ ಎಳೆದಳು.

"ನಿಮ್ಮ ದೂರು ದಾಖಲಾಗಿದೆ. ಪರಿಶೀಲಿಸುತ್ತೇವೆ."