ಫಸ್ಟ್ ರ‍್ಯಾಂಕ್ ಬಂದ ಏರಿಯಲ್

ಸರಿ ಇರುವುದನ್ನು ರಿಪೇರಿ ಮಾಡುವುದಕ್ಕೂ ಒಂದು ಯೋಗ್ಯತೆ ಬೇಕು. ಇಡೀ ಭಟ್ಕಳ ತಾಲೂಕಿನಲ್ಲಿ ಆ ಯೋಗ್ಯತೆ ನನ್ನೊಬ್ಬನಿಗೇ ಇದೆ ಎಂಬುದು ಈ ಮಳೆಗಾಲದಲ್ಲಿ ಸಾಕ್ಷಿ ಸಮೇತ ಸಾಬೀತಾಯಿತು!

ನನ್ನ ಹೆಂಡತಿ ವೀಣಾಳ ತಮ್ಮ ರಾಜೇಶನಿಗೆ ಸ್ವಂತ ಬೋಟಿದೆ. ಬೋಟಿನಲ್ಲಿ ಒಂದು ರೇಡಿಯೋ ಇದೆ. ಹಾಡು ಕೇಳುವ ರೇಡಿಯೋ ಅಲ್ಲ, ಕಡಲಿನಲ್ಲಿ ಬೋಟಿನಿಂದ ಬೋಟಿಗೆ ಮಾತಾಡುವ ರೇಡಿಯೋ. ಕಳೆದ ವರ್ಷ ನೇತ್ರಾಣಿ ದ್ವೀಪದ ಆಚೆ ಎಂಜಿನ್ ಕೈಕೊಟ್ಟಾಗ ಅವನು ಅದರಲ್ಲೇ ಕೂಗಿದ್ದ. ಬೇರೆ ಬೋಟಿನವರು ಬಂದು ಎಳೆದು ತಂದಿದ್ದರು. ಅಂದಿನಿಂದ ನನ್ನ ಅತ್ತೆ ನಾಗಿಯವರು, "ರೇಡಿಯೋ ಇಲ್ದೆ ನನ್ನ ಮಗ ಬಂದರು ಬಿಟ್ಟು ಹೋಗೂಕಿಲ್ಲ" ಎಂದು ಕಾನೂನು ಹೊರಡಿಸಿದ್ದಾರೆ. ರೇಡಿಯೋ ಚೆನ್ನಾಗಿತ್ತು. ಏರಿಯಲ್ ಚೆನ್ನಾಗಿತ್ತು. ಎರಡರ ನಡುವಿನ ವಯರೂ ಚೆನ್ನಾಗಿತ್ತು. ನನ್ನ ಕೈ ತಾಗಿರಲಿಲ್ಲ ಎಂಬುದೊಂದೇ ಕೊರತೆ.

ಮಳೆಗಾಲದ ಮೀನುಗಾರಿಕೆ ನಿಷೇಧ ಶುರುವಾಗಿ ಬೋಟು ದಡ ಹತ್ತಿದ ಕೂಡಲೇ ಘೋಷಿಸಿದೆ: "ಏರಿಯಲ್ಲು, ವಯರು ಎರಡನ್ನೂ ಬಿಚ್ಚಿ ನಮ್ಮನೆಗೆ ತಾ. ಟೆಸ್ಟ್ ಮಾಡಿ ಕೊಡ್ತೇನೆ."

"ಸರಿ ಅದೆಯಲ್ಲ ಭಾವ?"

"ಸರಿ ಇದ್ರೆ ಸಾಕಾ? ಎಷ್ಟು ಸರಿ ಇದೆ ಅಂತ ಅಳೆದು ನೋಡಿದ್ದೀಯಾ?"

ಪಾಪ, ರಾಜೇಶ ಅಳೆದಿರಲಿಲ್ಲ. ಮೀನು ಹಿಡಿಯುವುದರಲ್ಲೇ ಆಯುಷ್ಯ ಕಳೆದವನು! ನನ್ನಲ್ಲಾದರೋ ಆನ್‌ಲೈನಿನಲ್ಲಿ ತರಿಸಿದ ಯಂತ್ರವಿತ್ತು. ಹೆಸರು ವೆಕ್ಟರ್ ನೆಟ್‌ವರ್ಕ್ ಅನಲೈಸರ್. ಹೆಸರು ಮೈಲುದ್ದ, ಯಂತ್ರ ಅಂಗೈಯಗಲ. ಅತ್ತೆಯವರು ನೋಡಿದವರೇ ಬೆರಳು ಮುಂದೆ ಮಾಡಿ, "ಶುಗರ್ ನೋಡೂ ಮಿಷನ್ನಾ? ನಂದೂ ಒಂಚೂರು ನೋಡಿ" ಅಂದರು.

ಇದರ ಕೆಲಸ ಇಷ್ಟೇ. ವಯರಿನೊಳಗೆ ಒಂದು ಸಣ್ಣ ಅಲೆ ಕಳಿಸುತ್ತದೆ. ಅದರಲ್ಲಿ ಎಷ್ಟು ತಿರುಗಿ ಬಂತು ಎಂದು ನೋಡಿ ಒಂದು ಅಂಕೆ ಹೇಳುತ್ತದೆ. ಏನೂ ತಿರುಗಿ ಬರದಿದ್ದರೆ ಎಲ್ಲವೂ ಏರಿಯಲ್ಲಿನಿಂದ ಹೊರಗೆ ಹೋಯಿತು ಎಂದು ಲೆಕ್ಕ. ಅಂಕೆ ಒಂದು, ಅಂದರೆ ಫಸ್ಟ್ ರ‍್ಯಾಂಕ್. ಮೂರು ದಾಟಿತೋ, ನಪಾಸು. ಆದರೆ ಅಳೆಯುವ ಮೊದಲು ಯಂತ್ರಕ್ಕೆ ಪಾಠ ಹೇಳಬೇಕು. ಅದಕ್ಕೆಂದೇ ಮೂರು ಪುಟಾಣಿ ಹಿತ್ತಾಳೆ ಮುಚ್ಚಳ ಕೊಟ್ಟಿರುತ್ತಾರೆ. ಒಂದೊಂದಾಗಿ ಸಿಕ್ಕಿಸಿ, "ಇದು ಖಾಲಿ, ಇದು ಶಾರ್ಟು, ಇದು ಆದರ್ಶ ಏರಿಯಲ್" ಎಂದು ಕಲಿಸಬೇಕು.

"ಮೂರೂ ಒಂದೇ ನಮ್ನಿ ಅವೆ. ಗುರ್ತು ಹಾಕ್ಕಳ್ಳಿ," ಅಂದಳು ವೀಣಾ.

"ಎಂಜಿನಿಯರಿಂಗ್ ಡಿಪ್ಲೊಮಾ ಮಾಡಿದವನಿಗೆ ಗುರುತು ಬೇಕಾ?" ಅಂದೆ.

ಪಾಠ ಮುಗಿಸಿ ಏರಿಯಲ್ ಜೋಡಿಸಿದೆ. ಯಂತ್ರ ಬೆಚ್ಚಿಬಿದ್ದಿತು. ಅಂಕೆ ನೂರರ ಮೇಲೆ! "ನೋಡು, ಇಷ್ಟು ದಿನ ನಿನ್ನ ತಮ್ಮ ಬದುಕಿದ್ದೇ ಪವಾಡ" ಎಂದೆ. ಉಪಾಯ ಸುಲಭ: ಏರಿಯಲ್ಲಿನ ಕಡ್ಡಿ ಉದ್ದವಾಯಿತು, ತುಸು ಕಡಿಯಬೇಕು. ಹ್ಯಾಕ್ಸಾ ತಂದು ಒಂದು ಗೇಣು ಕಡಿದೆ. ಅಂಕೆ ಇಳಿಯಿತು! ಇನ್ನಷ್ಟು ಕಡಿದೆ. ಇನ್ನೂ ಇಳಿಯಿತು! ಕಡಿದಷ್ಟೂ ಪ್ರಗತಿ! ನನ್ನ ಮೈಮೇಲೆ ವಿಜ್ಞಾನವೇ ಬಂದಿತ್ತು. ಕೊನೆಗೆ ಏರಿಯಲ್ ಸಾರಿನ ಸೌಟಿನಷ್ಟು ಉಳಿದಾಗ ಅಂಕೆ ಒಂದರ ಪಕ್ಕದಲ್ಲಿ ಬಂದು ಕೂತಿತು.

ಆಗ ವೀಣಾ ಬಾಗಿಲಲ್ಲಿ ನಿಂತು ಕೇಳಿದಳು: "ಕಡ್ಡಿ ಸಣ್ಣ ಆದಷ್ಟೂ ಒಳ್ಳೇದು ಅಂತಾದ್ರೆ, ಪೂರ್ತಿ ತೆಗ್ದ್ರೆ ಹೆಂಗೆ?"

ಅಜ್ಞಾನಕ್ಕೆ ನಕ್ಕು, ತೋರಿಸಿಯೇ ಬಿಡೋಣ ಎಂದು ಏರಿಯಲ್ಲನ್ನೇ ಬಿಚ್ಚಿದೆ. ಯಂತ್ರದ ಬಾಯಲ್ಲಿ ಏನೂ ಇಲ್ಲ. ಅಂಕೆ: ಒಂದು. ಫಸ್ಟ್ ರ‍್ಯಾಂಕ್!

ಮುಚ್ಚಳಗಳು ಅದಲುಬದಲಾಗಿದ್ದವು: ಖಾಲಿಯದನ್ನು ಸಿಕ್ಕಿಸಿ "ಇದೇ ಆದರ್ಶ" ಎಂದೂ, ಆದರ್ಶ ಸಿಕ್ಕಿಸಿ "ಇದು ಖಾಲಿ" ಎಂದೂ ಕಲಿಸಿದ್ದೆ. ಯಂತ್ರ ವಿಧೇಯ ವಿದ್ಯಾರ್ಥಿ. ಮೇಷ್ಟರು ಹೇಳಿದ್ದನ್ನೇ ಹೇಳಿತ್ತು. ಕಡಿದ ಉಕ್ಕಿನ ಕಡ್ಡಿಗಳನ್ನು ಅತ್ತೆಯವರು ಒಯ್ದರು. ಒಲೆಯ ಮೇಲೆ ಬಂಗಡೆ ಮಗುಚುವುದಕ್ಕೆ ಬಹಳ ಅನುಕೂಲವಂತೆ. ರಾಜೇಶ ಮಲ್ಪೆಗೆ ಹೋಗಿ ಹೊಸ ಏರಿಯಲ್ ತಂದ.

ನಾನು ಸೋಲುವವನೇ? ವೀಣಾಳ ಉಗುರುಬಣ್ಣ ಕೇಳಿ ಮುಚ್ಚಳಗಳಿಗೆ ಮೂರು ಬಣ್ಣ ಬಳಿದೆ. ಆಮೇಲಿನ ವಾರಗಳಲ್ಲಿ ಜಗಲಿಯಲ್ಲಿ ಕೂತು ಪಾಠ ಹೇಳುವುದು, ಅಳಿಸುವುದು, ಮತ್ತೆ ಹೇಳುವುದು. ಆಗೆಲ್ಲ ವೀಣಾ ಒಳಗಿಂದ ಏನೋ ಹೇಳುತ್ತಿದ್ದಳು. "ಆ ವಯರಿನ ಸುತ್ತು ಬಚ್ಚಲ ಹಿಂದಿನ ಗೂಟಕ್ಕೆ ಹಾಕೀರಿ. ತುದಿಯ ಬಾಯಿ ಮೇಲಾಗಿ ಅದೆ. ಮಾಡಿನ ನೀರು ಅದ್ರ ಮೇಲೇ ಬೀಳ್ತದೆ. ಒಂದು ಪ್ಲಾಸ್ಟಿಕ್ ಕವರ್ ಕಟ್ಟಿ." ಬೆಳಿಗ್ಗೆ ಹೇಳಿದಳು, ಸಂಜೆ ಹೇಳಿದಳು. ವಿಜ್ಞಾನಿಗಳ ಮನೆಯಲ್ಲಿ ಇಂಥ ಸದ್ದು ಇದ್ದೇ ಇರುತ್ತದೆ. ನಾನು ಪರದೆಯಿಂದ ಕಣ್ಣು ಕೀಳಲಿಲ್ಲ.

ನಿಷೇಧ ಮುಗಿಯಿತು. ಮೊದಲ ದಿನದ ಸಿಗಡಿಗಾಗಿ ಬಂದರಿನ ಬೋಟುಗಳೆಲ್ಲ ಗುರುಗುಟ್ಟುತ್ತಿದ್ದವು. ನಾನು ಗೂಟದಿಂದ ವಯರು ತಂದು, ಮೇಲೆ ಹೊಸ ಏರಿಯಲ್ ಕಟ್ಟಿಸಿ, ಕೆಳಗೆ ಕ್ಯಾಬಿನ್ನಿನಲ್ಲಿ ವಯರಿನ ತುದಿಗೆ ಯಂತ್ರ ಸಿಕ್ಕಿಸಿದೆ. ಬಣ್ಣ ನೋಡಿ ನೋಡಿ ಕಲಿಸಿದ ಶುದ್ಧ ಪಾಠ. ಅಂಕೆ: ಒಂದು! ಒಂದೂ ಚಿಲ್ಲರೆ ಅಲ್ಲ, ಸಾಕ್ಷಾತ್ ಒಂದು!

"ಏನೂ ತಿರುಗಿ ಬರ್ತಾ ಇಲ್ಲ ರಾಜೇಶ! ಎಲ್ಲಾ ಹೊರಗೆ ಹೋಗ್ತಾ ಇದೆ! ನೀನು ಇಲ್ಲಿ ಕೆಮ್ಮಿದ್ರೆ ಮಂಗಳೂರಲ್ಲಿ ಕೇಳ್ತದೆ!"

ಅತ್ತೆಯವರು ತೆಂಗಿನಕಾಯಿ ಒಡೆದು, "ಒಂದ್ಸರಿ ಮಾತಾಡಿ ತೋರ್ಸು, ಮತ್ತೆ ಹೋಗು" ಅಂದರು. ರಾಜೇಶ ರೇಡಿಯೋ ಹಿಡಿದು, ಆಗಷ್ಟೇ ಅಳಿವೆ ದಾಟಿದ್ದ ಗೆಳೆಯ ದಾಸನನ್ನು ಕರೆದ. ಉತ್ತರವಿಲ್ಲ. ಮತ್ತೆ ಕರೆದ. ಇಲ್ಲ. ಕೊನೆಗೆ ಮೊಬೈಲಿನಲ್ಲಿ ಕೇಳಿದರೆ ದಾಸ ಅಂದ: "ನಿನ್ನ ರೇಡಿಯೋ ಸತ್ತದ್ಯ ಮಾರಾಯ? ಎಂತದೂ ಕೇಳೂದಿಲ್ಲ."

ಮಂಗಳೂರು ಹಾಳಾಗಲಿ, ಕಣ್ಣಿಗೆ ಕಾಣುವ ಬೋಟಿಗೇ ಮುಟ್ಟಿರಲಿಲ್ಲ! ಅತ್ತೆಯವರು ಹೋಗಿ, ಬೋಟಿನ ಹಗ್ಗ ಕಟ್ಟಿದ್ದ ಗೂಟದ ಮೇಲೆ ಕೂತುಬಿಟ್ಟರು.

"ಮಷಿನ್ ಸುಳ್ಳು ಹೇಳೋದಿಲ್ಲ," ನಾನು ಗೊಣಗಿದೆ.

"ಹೋದ್ಸರಿ ಏರಿಯಲ್ ತೆಗ್ದು ನೋಡಿದ್ರಲ್ಲ," ದಡದಿಂದ ವೀಣಾ ಅಂದಳು. "ಈಗ್ಲೂ ನೋಡಿ."

ರಾಜೇಶ ಮೇಲೆ ಹತ್ತಿ ಏರಿಯಲ್ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಕೆಳಗೆ ವಯರಿಗೆ ಮತ್ತೆ ಯಂತ್ರ ಸಿಕ್ಕಿಸಿ ನೋಡಿದೆ. ಅಂಕೆ: ಒಂದು. ಮುಚ್ಚಳದ ಬಣ್ಣ ಮತ್ತೆ ನೋಡಿದೆ. ಎಲ್ಲ ಸರಿ ಇತ್ತು. ಈ ಸಲ ಯಂತ್ರವೂ ಸರಿ, ಪಾಠವೂ ಸರಿ!

ರಾಜೇಶ ಇಳಿದು ಬಂದು, ಮೀನು ಕೊಯ್ಯುವ ಕತ್ತಿಯಿಂದ ವಯರನ್ನು ನಡುವೆ ಕತ್ತರಿಸಿದ. ತೊಟ ತೊಟ ನೀರು! ಒಳಗಿನ ತಾಮ್ರವೆಲ್ಲ ಪಾಚಿಬಣ್ಣ. ಕಳಿಸಿದ ಅಲೆಯನ್ನು ಆ ನೀರು ಕುಡಿದ ವಯರೇ ದಾರಿಯಲ್ಲಿ ನುಂಗಿ ಕೂತಿತ್ತು. ಏರಿಯಲ್ಲಿಗೆ ಮುಟ್ಟಿದ್ದರಲ್ಲವೇ ತಿರುಗಿ ಬರುವ ಮಾತು!

"ಹೊನ್ನಾವರದಾಗೆ ಹೊಸ ವಯರು ಸಿಗ್ತದೆ. ನಾಳೆ ಹೊರಟ್ರೂ ಆತು," ಎಂದು ರಾಜೇಶ ಬೈಕ್ ಹತ್ತಿದ. ನಮ್ಮ ಮುಂದೆಯೇ ಉಳಿದ ಬೋಟುಗಳು ಸಾಲಾಗಿ ಸಿಗಡಿಯತ್ತ ಹೋದವು. ನನಗೆ ನಿಜಕ್ಕೂ ನಾಚಿಕೆಯಾಯಿತು. ಆದರೂ ವಿವರಣೆ ಕೊಡದೆ ಇರಲಾಗಲಿಲ್ಲ.

"ವೀಣಾ, ಏನೂ ತಿರುಗಿ ಬರಲಿಲ್ಲ ಅಂದ್ರೆ ಎಲ್ಲಾ ಮುಟ್ಟಿದೆ ಅಂತಲೇ ಯಾರಾದ್ರೂ ತಿಳಿಯೋದು."

"ಹೌದು ಹೌದು," ಅಂದಳು ಅವಳು. "ಮಳೆಗಾಲ ಪೂರ್ತಿ 'ವಯರಿಗೆ ಪ್ಲಾಸ್ಟಿಕ್ ಕಟ್ಟಿ' ಅಂತ ನಾನೂ ಕಳಿಸ್ತಾ ಇದ್ದೆ. ನಿಮ್ಮಿಂದ ಒಂದು 'ಹೂಂ' ಸೈತ ತಿರುಗಿ ಬರ್ಲಿಲ್ಲ. ನಾನೂ ಮುಟ್ತು ಅಂದ್ಕಂಡೆ."

ಬಾಯಿ ತೆರೆದೆ. ಏನೂ ಹೊರಡಲಿಲ್ಲ.

ಗೂಟದ ಮೇಲೆ ಕೂತಿದ್ದ ಅತ್ತೆಯವರು ಮಗಳತ್ತ ತಿರುಗಿ ಕೇಳಿದರು: "ಅಳಿಯಂದ್ರಿಗೆ ಈಗ ಎಷ್ಟು ಬಂತೇ?"

"ಒಂದೇ, ಅಮ್ಮ," ಅಂದಳು ವೀಣಾ. "ಫಸ್ಟ್ ರ‍್ಯಾಂಕ್!"